ಆಪರೇಷನ್ ನಂತರದ ನೋವಿಗೆ ಹಾಡು, ಜಪ, ಪಾರಾಯಣ: ಮಾತ್ರೆಯ ಜೊತೆಗೆ ಬಳಸುವುದು ಹೇಗೆ?

ಆಪರೇಷನ್ ಆದವರ ತಲೆದಿಂಬಿನ ಪಕ್ಕ ಮೊಬೈಲ್ ಇಟ್ಟು, ಯೂಟ್ಯೂಬ್‌ನಲ್ಲಿ ಯಾವುದೋ ಸ್ತೋತ್ರ ಹಾಕಿ, ಕ್ಯಾಂಟೀನಿಗೆ ಹೊರಟುಬಿಡುವ ಅಟೆಂಡರ್‌ಗಳು ಎಲ್ಲ ವಾರ್ಡ್‌ಗಳಲ್ಲೂ ಇದ್ದಾರೆ. ನಡುನಡುವೆ ಜಾಹೀರಾತು ಕಿರುಚುತ್ತದೆ, ಪಕ್ಕದ ಹಾಸಿಗೆಯವರು ಗೊಣಗುತ್ತಾರೆ, ರೋಗಿ "ಮೊದಲು ಅದನ್ನ ಆಫ್ ಮಾಡು" ಅನ್ನುತ್ತಾರೆ. ಇದರಿಂದೆಲ್ಲ ನೋವು ಹೋಗಲ್ಲ ಎಂದು ಮನೆಯವರು ಅಲ್ಲಿಗೇ ಕೈಬಿಡುತ್ತಾರೆ.

ನೋವು ಪೂರ್ತಿ ಹೋಗುವುದಿಲ್ಲ ನಿಜ, ಆದರೆ ಕಡಿಮೆಯಾಗುತ್ತದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 73 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಲಾಗಿತ್ತು. ಸಂಗೀತ ಕೇಳಿದವರಲ್ಲಿ ನೋವು, ಆತಂಕ, ನೋವಿನ ಔಷಧಿಯ ಬಳಕೆ ಮೂರೂ ತಗ್ಗಿದ್ದವು. ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಮಾತ್ರ ಕಡಿಮೆಯಾಗಿರಲಿಲ್ಲ. ಹಾಗಾಗಿ ಇದನ್ನು ಮಾತ್ರೆಯ ಜೊತೆಗೆ ಬಳಸಬೇಕು, ಮಾತ್ರೆಯ ಬದಲಿಗೆ ಅಲ್ಲ. ಹಾಡು ಹಾಕಿದ್ದೇವೆ ಎಂದು ಡೋಸ್ ತಪ್ಪಿಸಿದರೆ ಮುಂದಿನದೆಲ್ಲ ವ್ಯರ್ಥ.

ಹಂತ 1: ಆರಿಸುವುದು ರೋಗಿಯ ಕೆಲಸ

ಅಡ್ಮಿಟ್ ಆಗುವ ಹಿಂದಿನ ದಿನವೇ ರೋಗಿಯನ್ನು ಕೇಳಿ ಪಟ್ಟಿ ಮಾಡಿ. ಮಗನಿಗೆ ಇಷ್ಟವಾದ ಕೊಳಲು ಅಪ್ಪನಿಗೆ ತಲೆನೋವು ತರಬಹುದು. ದಾಸರ ಪದವೋ, ವಚನವೋ, ಹಳೆಯ ಚಿತ್ರಗೀತೆಯೋ, ಖುರಾನ್ ಪಠಣವೋ, ಮಂಗಳೂರು ಕಡೆಯ ಕ್ರೈಸ್ತರ ಮನೆಯ ತೇರ್ಸ್ ಪ್ರಾರ್ಥನೆಯೋ, ವರ್ಷಗಟ್ಟಲೆ ಕೇಳಿ ಕಿವಿಗೆ ಪಳಗಿದ್ದೇ ಇರಲಿ. ನಿಧಾನ ಲಯ, ಕಡಿಮೆ ತಾಳವಾದ್ಯ, ಒಂದೇ ದನಿ ಇದ್ದರೆ ಒಳ್ಳೆಯದು. ನಿಮಿಷಕ್ಕೆ 60ರಿಂದ 80 ಬಡಿತದ ಲಯ, ಅಂದರೆ ಆರಾಮವಾಗಿ ಕೂತವರ ನಾಡಿಯ ವೇಗ. ಡೋಲು, ಜಾಗಟೆ ಜೋರಾಗಿರುವ ಭಜನೆ ದೇವಸ್ಥಾನಕ್ಕೆ ಚೆಂದ, ಹೊಲಿಗೆ ಹಾಕಿಸಿಕೊಂಡವರಿಗಲ್ಲ.

ಪಾರಾಯಣ ಆರಿಸುವಾಗ ಒಂದು ಎಚ್ಚರ ಬೇಕು. ಗರುಡ ಪುರಾಣವನ್ನು ಸಾವಿನ ಮನೆಯಲ್ಲಿ ಓದಿಸುತ್ತಾರೆ. ಅನೇಕ ಮುಸ್ಲಿಂ ಮನೆಗಳಲ್ಲಿ ಯಾಸೀನ್ ಅಧ್ಯಾಯವನ್ನು ಕೊನೆಯುಸಿರಿನವರ ಬಳಿ ಓದುವ ರೂಢಿಯಿದೆ. ಅರೆನಿದ್ದೆಯಲ್ಲಿ ಅದು ಕಿವಿಗೆ ಬಿದ್ದರೆ ರೋಗಿ 'ನನ್ನ ಕಥೆ ಮುಗಿಯಿತು' ಎಂದುಕೊಳ್ಳಬಹುದು. ದೇವರಲ್ಲಿ ಆಸಕ್ತಿಯೇ ಇಲ್ಲದವರಿಗೆ ಈ ಹೊತ್ತಿನಲ್ಲಿ ಭಕ್ತಿ ಕಲಿಸಲು ಹೋಗಬೇಡಿ. ಭಾವಗೀತೆ ಸಾಕು.

ಇಂಥ ರಾಗ ಇಂಥ ಕಾಯಿಲೆಗೆ ಎಂಬ ಪಟ್ಟಿಗಳಿಗೆ, '432 ಹರ್ಟ್ಸ್ ಹೀಲಿಂಗ್' ಎಂದು ಬರೆದ ವಿಡಿಯೊಗಳಿಗೆ ದುಡ್ಡು ಕೊಡಬೇಡಿ. ಪ್ಲಗ್‌ಗೆ ಸಿಕ್ಕಿಸಿದರೆ ದಿನವಿಡೀ ಒಂದೇ ಮಂತ್ರ ಹೇಳುವ ಪುಟ್ಟ ಪೆಟ್ಟಿಗೆಯೂ ಬೇಡ. ಎಷ್ಟೋ ಪೆಟ್ಟಿಗೆಗಳಲ್ಲಿ ದನಿ ಸಾಕಷ್ಟು ತಗ್ಗುವುದಿಲ್ಲ, ತಾನಾಗಿ ನಿಲ್ಲುವ ಟೈಮರ್ ಇರುವುದಿಲ್ಲ.

ಹಂತ 2: ಮೊಬೈಲ್ ಮತ್ತು ಇಯರ್‌ಫೋನ್

ಆಡಿಯೊ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಜಾಹೀರಾತೂ ಇಲ್ಲ, ಆರೋಗ್ಯ ವಿಚಾರಿಸುವ ಫೋನೂ ಇಲ್ಲ. ಸಾಧ್ಯವಾದರೆ ಹಳೆಯ ಮೊಬೈಲನ್ನು ಇದಕ್ಕೇ ಮೀಸಲಿಡಿ.

ವೈರ್ ಇರುವ ಸಾದಾ ಇಯರ್‌ಫೋನ್ ಸಾಕು, ಅದೂ ಒಂದೇ ಕಿವಿಗೆ. ಇನ್ನೊಂದು ಕಿವಿ ಸಿಸ್ಟರ್ ಕರೆದದ್ದು ಕೇಳಲಿಕ್ಕೆ. ಡ್ರಿಪ್ ಇರುವ ಕೈಯ ಎದುರು ಬದಿಯಿಂದ ವೈರ್ ಬರಲಿ. ಅದೇ ಬದಿಯಲ್ಲಿ ಬಂದರೆ ರೋಗಿ ಮಗ್ಗುಲು ಬದಲಿಸುವಾಗ ಎರಡೂ ಸುತ್ತಿಕೊಂಡು ಕ್ಯಾನುಲಾ (ಡ್ರಿಪ್‌ಗಾಗಿ ನರಕ್ಕೆ ಚುಚ್ಚಿಟ್ಟ ಪುಟ್ಟ ಕೊಳವೆ) ಎಳೆಯುತ್ತದೆ. ವೈರ್ ಇಲ್ಲದ ಪುಟ್ಟ ಇಯರ್‌ಬಡ್ ಬೆಡ್‌ಶೀಟಿನ ಜೊತೆ ಲಾಂಡ್ರಿಗೆ ಹೋಗುವುದೇ ಹೆಚ್ಚು. ಪಕ್ಕದಲ್ಲಿ ಕೂತವರು ಮೆಲ್ಲಗೆ ಆಡಿದ ಮಾತು ಕೇಳಿಸುವಷ್ಟೇ ದನಿ ಇರಲಿ. ಕಿವಿಯ ಅಥವಾ ತಲೆಯ ಆಪರೇಷನ್ ಆಗಿದ್ದರೆ ಇಯರ್‌ಫೋನ್ ಬಗ್ಗೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಹಿರಿಯರು ಶ್ರವಣ ಯಂತ್ರ ಹಾಕುವವರಾದರೆ ಅದನ್ನು ಮೊದಲು ಹಾಕಿಸಿ.

ಸಿಸೇರಿಯನ್, ಮಂಡಿ ಬದಲಾವಣೆಯಂಥವು ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ಗಳು. ರೋಗಿಗೆ ಎಚ್ಚರವಿರುತ್ತದೆ, ಮಂಡಿಯದಾದರೆ ಸುತ್ತಿಗೆ, ಗರಗಸದ ಸದ್ದೂ ಕೇಳಿಸುತ್ತದೆ. ಥಿಯೇಟರ್ ಒಳಗೆ ಹಾಡು ಕೇಳಬಹುದೇ ಎಂದು ಅರಿವಳಿಕೆ ವೈದ್ಯರನ್ನು ಮೊದಲೇ ವಿಚಾರಿಸಿ.

ಹಂತ 3: ಹೊತ್ತು

ನೋವು ತಾರಕಕ್ಕೇರಿದ ಮೇಲೆ ಹಾಡು ಹಾಕುವುದೇ ಎಲ್ಲರೂ ಮಾಡುವ ತಪ್ಪು. ಆಗ ಯಾವ ದನಿಯೂ ಕಿರಿಕಿರಿಯೇ. ಪ್ಯಾರಾಸಿಟಮಾಲ್ ಮಾತ್ರೆ ನುಂಗಿದರೆ ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಬೇಕು. ಬೆಳಿಗ್ಗೆ 11ಕ್ಕೆ ಫಿಸಿಯೋಥೆರಪಿ ಇದೆ ಅಂದುಕೊಳ್ಳಿ. 10ಕ್ಕೆ ಮಾತ್ರೆಯಾಗುವಂತೆ ಸಿಸ್ಟರ್ ಬಳಿ ಮಾತಾಡಿಕೊಳ್ಳಿ, 10.30ಕ್ಕೆ ಹಾಡು ಹಾಕಿ, ಮಂಡಿ ಮಡಿಸುವಾಗಲೂ ನಿಲ್ಲಿಸಬೇಡಿ. ಡ್ರೆಸ್ಸಿಂಗ್ ಬದಲಿಸುವಾಗ, ಮೊದಲ ಸಲ ಎದ್ದು ನಡೆಸುವಾಗಲೂ ಇದೇ ಕ್ರಮ. ಒಂದು ಸಲಕ್ಕೆ 20ರಿಂದ 30 ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ವಿಷ್ಣು ಸಹಸ್ರನಾಮ ಒಂದು ಸಲ ಮುಗಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಇಡೀ ದಿನ ಓಡಿಸಿದರೆ ಅದು ಫ್ಯಾನಿನ ಸದ್ದಿನಂತಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಂತ 4: ತಾವೇ ಹೇಳುವ ಜಪ

ಹೆಚ್ಚು ಫಲ ಕೊಡುವುದೂ ಇದೇ, ಹೆಚ್ಚು ಕೆಡುವುದೂ ಇದೇ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಲ್ಯಾಟಿನ್ ಜಪಸರದ ಪ್ರಾರ್ಥನೆ ಹೇಳಿದಾಗಲೂ ಯೋಗದ ಮಂತ್ರ ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಆದರೆ ಅವರು ಆರೋಗ್ಯವಂತರು. ಹೊಟ್ಟೆ ಕೊಯ್ದವರು ನೋವಿಗೆ ಹೆದರಿ ಎದೆಯ ಮೇಲ್ಭಾಗದಲ್ಲೇ ಗಿಡ್ಡ ಉಸಿರು ಎಳೆಯುತ್ತಾರೆ. ಅವರಿಗೆ ಉದ್ದ ಶ್ಲೋಕ ಹೇಳಿಸಿದರೆ ಕೊನೆಯ ಪದಕ್ಕೆ ಉಸಿರು ಸಾಲದೆ ಹೊಟ್ಟೆ ಬಿಗಿಯುತ್ತದೆ, ಹೊಲಿಗೆ ಎಳೆಯುತ್ತದೆ, ಕೆಮ್ಮು ಬರುತ್ತದೆ. ಅಲ್ಲಿಗೆ ಜಪವೂ ನಿಂತಿತು.

ಹೀಗೆ ಮಾಡಿಸಿ. ಹಾಸಿಗೆಯ ತಲೆಭಾಗ ಏರಿಸಿ ಅರೆ ಒರಗಿದ ಭಂಗಿಯಲ್ಲಿ ಕೂರಿಸಿ. ಹೊಟ್ಟೆ ಕೊಯ್ದವರಿಗೆ ಮಂಡಿಯ ಕೆಳಗೊಂದು ದಿಂಬು ಕೊಟ್ಟರೆ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಗಾಯದ ಮೇಲೆ ಮಡಿಸಿದ ಟವೆಲ್ ಇಟ್ಟು ರೋಗಿಯೇ ಅಂಗೈಯಿಂದ ಹಗುರವಾಗಿ ಒತ್ತಿಹಿಡಿಯಲಿ. ಮೂಗಿನಿಂದ ನಿಧಾನವಾಗಿ ಉಸಿರು ಒಳಗೆ. ಹೊರಗೆ ಬಿಡುತ್ತಾ ತುಟಿಯಲ್ಲೇ ಒಂದು ಸಲ 'ಓಂ ನಮಃ ಶಿವಾಯ', ಅಥವಾ ಅವರ ಧರ್ಮದ ಅಷ್ಟೇ ಗಿಡ್ಡ ನಾಮ. ಉಸಿರು ಹಿಡಿದಿಡುವುದು ಬೇಡವೇ ಬೇಡ. ಒಂದು ನಾಮ ಆರಾಮವಾಗಿ ಬಂದ ಮೇಲೆ ಒಂದೇ ಉಸಿರಿಗೆ ಎರಡು ನಾಮ. ಆರೇ ಉಸಿರಿಗೆ ಇಳಿಸಬೇಕೆಂಬ ಹಟ ಬೇಡ. ಹತ್ತು ನಾಮ ಆದ ಮೇಲೆ ಮಾಮೂಲಿ ಉಸಿರಾಡಿ, ಮತ್ತೆ ಹತ್ತು. ತಲೆ ಸುತ್ತಿದರೆ ನಿಲ್ಲಿಸಿ.

ಎಣಿಕೆಗೆ ಕ್ಯಾನುಲಾ ಇಲ್ಲದ ಕೈಯ ಬೆರಳ ಗೆಣ್ಣುಗಳೇ ಸಾಕು. ಆಕ್ಸಿಜನ್ ನೋಡುವ ಕ್ಲಿಪ್ ಅದೇ ಕೈಯಲ್ಲಿದ್ದರೆ ಬೆರಳಾಡಿದಂತೆ ಮಾನಿಟರ್ ಕೂಗಿಕೊಳ್ಳುತ್ತದೆ, ಆಗ ಅಟೆಂಡರ್ ಎಣಿಸಲಿ. 108 ಮುಗಿಸಲೇಬೇಕೆಂಬ ವ್ರತ ಮನೆಗೆ ಹೋದ ಮೇಲೆ. ಹರ್ನಿಯಾ ಆದವರು ದನಿ ಎತ್ತಿ ಹಾಡಬಾರದು. ಥೈರಾಯ್ಡ್, ಟಾನ್ಸಿಲ್ ಆದವರಿಗೆ ಮಾನಸ ಜಪ. ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರೆ ಅದನ್ನು ಊದಬೇಡಿ, ಒಳಗೆಳೆಯಬೇಕು. ಜಪ ಮಾಡಿದ್ದೇವೆ ಎಂದು ಅದನ್ನು ಬಿಡುವಂತೆಯೂ ಇಲ್ಲ.

ಹಂತ 5: ಅಂಕ ಬರೆದಿಡಿ

ಮೊದಲೂ ಆಮೇಲೂ 0ಯಿಂದ 10ರೊಳಗೆ ನೋವೆಷ್ಟು ಎಂದು ಕೇಳಿ. ಸುಮ್ಮನೆ ಮಲಗಿದಾಗಿನ ಅಂಕ ಒಂದು, ಕೆಮ್ಮಿದಾಗಿನದು ಇನ್ನೊಂದು. ಎರಡನೆಯದೇ ಮುಖ್ಯ. ಏಳಿದ್ದದ್ದು ಆರಾದರೂ ಲಾಭವೇ. ಎರಡು ದಿನವಾದರೂ ಕದಲದಿದ್ದರೆ ಹಾಡು ಬದಲಿಸಿ, ಅಥವಾ ಸುಮ್ಮನಿರುವುದೇ ಅವರಿಗಿಷ್ಟವೇ ಎಂದು ಕೇಳಿ.

ಲ್ಯಾಪರೋಸ್ಕೋಪಿ (ಪುಟ್ಟ ತೂತುಗಳ ಮೂಲಕ ಮಾಡುವ ಹೊಟ್ಟೆಯ ಆಪರೇಷನ್) ಆದವರ ಭುಜದ ನೋವು ಹೊಟ್ಟೆಗೆ ತುಂಬಿದ್ದ ಗ್ಯಾಸಿನದು. ಅದಕ್ಕೆ ವೈದ್ಯರು ಹೇಳಿದಷ್ಟು ಓಡಾಟವೇ ಮದ್ದು.

ಹಾಡು ನಿಲ್ಲಿಸಿ ಸಿಸ್ಟರನ್ನು ಕರೆಯಬೇಕಾದದ್ದು ಯಾವಾಗ? ಇಳಿಯುತ್ತಿದ್ದ ನೋವು ಏಕಾಏಕಿ ಏರಿದರೆ, ಹೊಟ್ಟೆ ಕಲ್ಲಿನಂತೆ ಬಿಗಿದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಗಾಯದಿಂದ ಕೀವು ಬಂದು ಜ್ವರ ಏರಿದರೆ. ಬಲವಾದ ನೋವಿನ ಇಂಜೆಕ್ಷನ್ ಆದ ಮೇಲೆ ರೋಗಿ ಹಾಡು ಕೇಳುತ್ತಾ ಮಲಗಿದಂತೆ ಕಂಡರೂ ಆಗಾಗ ಹೆಸರು ಹಿಡಿದು ಮಾತಾಡಿಸಿ. ಉತ್ತರ ಬರದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ ಅದು ನೆಮ್ಮದಿಯ ನಿದ್ದೆಯಲ್ಲ, ಕೂಡಲೇ ಬೆಲ್ ಒತ್ತಿ.