ರಾಟವಾಳದ ಮರಿ: ಚುಕ್ಕೆಯದೋ, ಕರಿತಲೆಯದೋ?

ಶ್ರೀರಂಗಪಟ್ಟಣದ ಕಡೆ ನಾಲೆ ಏರಿ ಮೇಲೆ ಹಕ್ಕಿ ನೋಡಲು ಹೋಗುತ್ತಿದ್ದ ಮೊದಲ ದಿನಗಳಲ್ಲಿ ರಾಟವಾಳ (ಮುನಿಯಾ ಅನ್ನುವ, ಕಾಳು ತಿನ್ನುವ ಪುಟ್ಟ ಹಕ್ಕಿ) ನನಗೆ ಸುಲಭದ ಹಕ್ಕಿ ಅನ್ನಿಸಿತ್ತು. ಬೆಳೆದ ಹಕ್ಕಿಗಳಾದರೆ ಅದು ನಿಜ. ಚುಕ್ಕೆ ರಾಟವಾಳದ ಮುಖ ಗಾಢ ಕಂದು, ಎದೆ ಮತ್ತು ಪಕ್ಕೆಯ ಮೇಲೆ ಮೀನಿನ ಹುರುಪೆ ಜೋಡಿಸಿದ ಹಾಗೆ ಗೆರೆ. ಕರಿತಲೆಯದು ತಲೆ, ಕತ್ತು ಕಪ್ಪು, ಬೆನ್ನು ಇಟ್ಟಿಗೆ ಬಣ್ಣ, ಪಕ್ಕೆ ಅಚ್ಚ ಬಿಳಿ, ಹೊಟ್ಟೆ ನಡುವೆ ಮತ್ತೆ ಕಪ್ಪು. ಬರಿಗಣ್ಣಿಗೇ ಗೊತ್ತಾಗುತ್ತೆ.

ಕಷ್ಟ ಇರುವುದು ಮರಿಗಳಲ್ಲಿ. ಗೂಡು ಬಿಟ್ಟು ಹಾರಿದ ಮರಿಗೆ ಹುರುಪೆಯೂ ಇಲ್ಲ, ಕರಿತಲೆಯೂ ಇಲ್ಲ. ಎರಡೂ ಮೇಲೆ ಕಂದು, ಕೆಳಗೆ ಮಾಸಲು ಗೋಧಿ ಬಣ್ಣ, ಅಷ್ಟೇ. ನಮ್ಮ ಕಡೆ ಚುಕ್ಕೆಯದು ಜಾಸ್ತಿ ಅಲ್ವಾ, ಹಾಗಾಗಿ ಕಂಡ ಮರಿಗಳನ್ನೆಲ್ಲ ‘ಚುಕ್ಕೆ ಮರಿ’ ಅಂತಲೇ ಬರೆದುಕೊಳ್ಳುತ್ತಿದ್ದೆ. ಸುಮಾರು ಮೂರು ವರ್ಷ ಹಾಗೇ ನಡೆಯಿತು.

ಒಂದು ಬೆಳಗ್ಗೆ, ಭತ್ತ ಹಾಲು ತುಂಬುವ ಹೊತ್ತು, ನಾಲೆ ಪಕ್ಕದ ಜೊಂಡಿನಲ್ಲಿ ನಾಲ್ಕು ಮರಿ ಸಾಲಾಗಿ ಕೂತಿದ್ದವು. ಪುಸ್ತಕ ತೆಗೆದು ಎಂದಿನಂತೆ ಬರೆದೂ ಬಿಟ್ಟಿದ್ದೆ. ಆಗ ಕರಿತಲೆ ರಾಟವಾಳ ಒಂದು ಬಂದು ಅವುಗಳ ಪಕ್ಕ ಕೂತಿತು. ಮರಿಗಳು ಗುಬ್ಬಚ್ಚಿ ಮರಿ ಹಾಗೆ ರೆಕ್ಕೆ ಬಡಿಯಲಿಲ್ಲ. ತಲೆ ತಗ್ಗಿಸಿ, ಕತ್ತು ಓರೆಯಾಗಿ ತಿರುಗಿಸಿ, ಕೆಳಗಿನಿಂದ ಬಾಯಿ ತೆರೆದವು. ತಾಯಿಯೋ ತಂದೆಯೋ (ಇವುಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ) ಗಂಟಲಿಂದ ಕಾಳು ಕಕ್ಕಿ ಒಂದೊಂದಕ್ಕೇ ಉಣಿಸಿತು. ನಾನು ಬರೆದದ್ದನ್ನು ಹೊಡೆದು ಹಾಕಿದೆ. ಹಿಂದಿನ ಮೂರು ವರ್ಷದ ಮರಿಗಳ ಲೆಕ್ಕವನ್ನೂ ಆವತ್ತೇ ಬಿಟ್ಟೆ, ಅದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ಈಗ ಹೇಗೆ ಹೇಳುವುದು?

ಈಗ ಮೊದಲು ನೋಡುವುದು ಕೊಕ್ಕು. ಕರಿತಲೆಯ ಮರಿಯ ಕೊಕ್ಕಿನಲ್ಲಿ ನೀಲಿ ಬೆರೆತ ಬೂದು ಬಣ್ಣ ಬರುತ್ತೆ, ಚುಕ್ಕೆಯ ಮರಿಯದು ಕಪ್ಪಾಗೇ ಕಾಣುತ್ತೆ. ಸೂರ್ಯ ನಮ್ಮ ಬೆನ್ನಿಗಿರಬೇಕು, ಎದುರು ಬಿಸಿಲಲ್ಲಿ ಎಲ್ಲ ಕೊಕ್ಕೂ ಕಪ್ಪೇ. ಇನ್ನೂ ತೀರಾ ಎಳೆಯ ಮರಿಯಾದರೆ ಕೊಕ್ಕನ್ನೊಂದೇ ನಂಬುವುದಿಲ್ಲ, ಉಣಿಸಲು ಯಾರು ಬರುತ್ತಾರೆ ಅಂತ ಕಾಯುತ್ತೇನೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದು ಸಾಲದು, ಗದ್ದೆಗೆ ಎರಡೂ ಒಂದೇ ಹಿಂಡಿನಲ್ಲಿ ಇಳಿಯುತ್ತವೆ. ಸ್ವಲ್ಪ ಬಲಿತ ಮೇಲೆ ಸುಲಭ: ಕರಿತಲೆಯದಕ್ಕೆ ಮುಖದಲ್ಲಿ ಕಪ್ಪು ಗರಿ ತೇಪೆ ತೇಪೆಯಾಗಿ ಬರುತ್ತೆ, ಚುಕ್ಕೆಯದಕ್ಕೆ ಎದೆಯಲ್ಲಿ ಅಲ್ಲೊಂದು ಇಲ್ಲೊಂದು ಹುರುಪೆ.

ಗೂಡಿನ ಜಾಗವೂ ಸುಳಿವು ಕೊಡುತ್ತೆ. ಎರಡರದ್ದೂ ಹುಲ್ಲಿನ ಉಂಡೆಯಂಥ ಗೂಡೇ. ಚುಕ್ಕೆ ಜಾಲಿಯಂಥ ಮುಳ್ಳು ಮರದಲ್ಲಿ, ಪೊದೆಯಲ್ಲಿ ಕಟ್ಟುತ್ತೆ. ಕರಿತಲೆ ನೀರಿನ ಹತ್ತಿರದ ಜೊಂಡು, ಎತ್ತರದ ಹುಲ್ಲು, ಕಬ್ಬು ಹುಡುಕುತ್ತೆ. ಆದರೆ ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ದೂರ ನಿಂತು ದುರ್ಬೀನಿನಲ್ಲಿ ನೋಡಿದರೆ ಸಾಕು.

ಕಳೆದ ಸಲ ಒಂದು ಗಂಟೆ ಕಾದರೂ ಉಣಿಸಲು ಯಾರೂ ಬರಲಿಲ್ಲ, ಮೋಡ ಬೇರೆ. ‘ರಾಟವಾಳ, ಮರಿ, 5’ ಅಂತಷ್ಟೇ ಬರೆದುಕೊಂಡು ಬಂದೆ.