ಕೆರೆಯ ಅಳತೆ ಸರಿಯಾಗಿಯೇ ಇತ್ತು

ಮೊದಲ ನಾಲ್ಕು ತಿಂಗಳು ನಾನು ಓದದೆ ಸಹಿ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬಡಾಯಿ ಅನ್ನಿಸೀತು. 2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಗೆದ್ದಿದ್ದೆ. ಬಿ.ಕಾಂ. ಮಾಡಿದ್ದೆ, ಮದುವೆಗೆ ಮುಂಚೆ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆದಿದ್ದೆ. ಆದರೂ ಬಿಲ್ ಕಲೆಕ್ಟರ್ ಸಂಜೆ ಹೊತ್ತು ಬೈಕಿನಲ್ಲಿ ನಡಾವಳಿ ಪುಸ್ತಕ ತಂದು, "ಅಕ್ಕಾ, ಎಲ್ಲರದ್ದೂ ಆಗಿದೆ, ನಿಮ್ಮದೊಂದೇ ಬಾಕಿ" ಅಂದರೆ, ಒಲೆ ಮೇಲಿನ ಸಾರು ಇಳಿಸುವಷ್ಟರಲ್ಲಿ ಸಹಿ ಹಾಕಿ ಕಳಿಸುತ್ತಿದ್ದೆ. ಆ ಸಭೆ ನಡೆದಿತ್ತೋ ಇಲ್ಲವೋ, ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಐದನೇ ಸಲ ಪುಸ್ತಕ ಬಂದಾಗ ಕರೆಂಟ್ ಇರಲಿಲ್ಲ. "ಬೆಳಿಗ್ಗೆ ಹಾಕ್ತೀನಿ, ಇಟ್ಟುಹೋಗು" ಅಂದೆ. ಅವನು ಪುಸ್ತಕ ಬಿಟ್ಟುಹೋಗಲು ಹಿಂದೆಮುಂದೆ ನೋಡಿದ. ಅದಕ್ಕೇ ರಾತ್ರಿ ಮೊಬೈಲ್ ಬೆಳಕಿನಲ್ಲಿ ಕೂತು ಓದಿದೆ. ನಾನೂ ಹಾಜರಿದ್ದು "ಸರ್ವಾನುಮತದಿಂದ" ಒಪ್ಪಿದ ಹದಿನಾರು ಬಿಲ್ಲುಗಳಿದ್ದವು. ಒಂದು ನಮ್ಮದೇ ಬೀದಿಯ ಎಲ್‌ಇಡಿ ದೀಪಗಳದ್ದು. ಕರೆಂಟ್ ಬಂದ ಮೇಲೂ ಬೀದಿ ಕತ್ತಲಾಗಿಯೇ ಇತ್ತು.

ದೀಪದ ಹಿಂದೆ ನಾನು ಬೀಳಲಿಲ್ಲ. ಹದಿನಾರನ್ನೂ ಹಿಡಿದರೆ ಒಂದೂ ಕೈಗೆ ಸಿಗುವುದಿಲ್ಲ ಎಂಬುದು ಅಂಗಡಿಯ ಲೆಕ್ಕದಲ್ಲೇ ಕಲಿತ ಪಾಠ. ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಅಂತ ಬಿಡಿಸಿಕೊಂಡೆ. ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಆಗಿ, ಪಂಚಾಯಿತಿಗಳಿಗೆ 29 ವಿಷಯಗಳು ಅಂತ ಕಾಗದದಲ್ಲಿದೆ. ಕೈಗೆ ಬರುವ ಕಾಸು ಮಾತ್ರ ಮೊದಲೇ ಗಂಟು ಕಟ್ಟಿಕೊಂಡು ಬರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮನೆ ಕಂದಾಯ ವಾಟರ್‌ಮನ್ ಸಂಬಳಕ್ಕೆ, ಮೋಟಾರ್ ರಿಪೇರಿಗೆ ಸರಿಹೋಗುತ್ತಿತ್ತು. ನಮ್ಮಲ್ಲಿ ನಿಜವಾಗಿ ದೊಡ್ಡ ಮೊತ್ತ ಓಡಾಡುತ್ತಿದ್ದುದು ನರೇಗಾದಲ್ಲಿ, ಅಂದರೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ. ಪಂಚಾಯಿತಿಯ ಖರ್ಚೂ ಊರಿನ ಕೆಲಸವೂ ಒಂದೇ ಲೆಕ್ಕಕ್ಕೆ ಬರುತ್ತಿದ್ದ ಜಾಗ ಅದು. ಅದನ್ನೇ ಹಿಡಿದೆ.

2023ರ ಬೇಸಿಗೆ. ನಮ್ಮ ವಾರ್ಡಿನ 23 ಹೆಂಗಸರು ಕೆಲಸ ಕೇಳಲು ಹೋಗಿ ವಾಪಸ್ ಬಂದರು. "ಸೈಟ್ ಓಪನ್ ಇಲ್ಲ, ಮಳೆಗಾಲ ಕಳೀಲಿ" ಅಂದರಂತೆ. ಅದೇ ವಾರ ನರೇಗಾ ವೆಬ್‌ಸೈಟಿನಲ್ಲಿ ನಮ್ಮ ಪಂಚಾಯಿತಿಯ ಪುಟ ತೆಗೆದು ನೋಡಿದರೆ ಊರಾಚೆಯ ಕೆರೆಯ ಹೂಳೆತ್ತುವ ಕಾಮಗಾರಿಗೆ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ಓಡುತ್ತಿತ್ತು. 40 ಜನ, 12 ದಿನ. ಆ ವರ್ಷ ಕೂಲಿ ದಿನಕ್ಕೆ 316 ರೂಪಾಯಿ. ಒಟ್ಟು 480 ಮಾನವ ದಿನ, 1,51,680 ರೂಪಾಯಿ.

ಆ ಪುಟ ಯಾರು ಬೇಕಾದರೂ ನೋಡಬಹುದಿತ್ತು. ಪಾಸ್‌ವರ್ಡ್ ಬೇಕಿರಲಿಲ್ಲ, ಅರ್ಜಿ ಬೇಕಿರಲಿಲ್ಲ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡು ಹೋದರೆ ಜಾಬ್ ಕಾರ್ಡ್, ಕಾಮಗಾರಿ, ಎನ್‌ಎಂಆರ್, ಸಾಮಗ್ರಿ ಬಿಲ್ಲು, ಯಾರ ಖಾತೆಗೆ ಎಷ್ಟು ಹೋಯಿತು, ಎಲ್ಲ ಸಿಗುತ್ತಿತ್ತು. ಅದೇ ವರ್ಷದ ಜನವರಿಯಿಂದ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಹಾಜರಿ ಫೋಟೋ ಕಡ್ಡಾಯವಾಗಿತ್ತು, ಅದೂ ಅಲ್ಲೇ ಇತ್ತು. ನಾನು ಹೆಸರು ನೋಡುವುದಕ್ಕೆ ಮುಂಚೆ ಬಟ್ಟೆ ನೋಡಿದೆ. ಹಸಿರು ಸೀರೆಯ ಮೇಲೆ ಗಂಡಸರ ಬಿಳಿ ಅಂಗಿ ತೊಟ್ಟ ಒಬ್ಬಾಕೆ ಸೋಮವಾರ ಕೆರೆಯಲ್ಲಿ, ಗುರುವಾರ ಕೆರೆಯಲ್ಲಿ, ಮುಂದಿನ ವಾರ ಇನ್ನೊಂದು ಹಳ್ಳಿಯ ಬದುವಿನ ಕೆಲಸದಲ್ಲಿ, ನಿಂತ ಭಂಗಿಯೂ ಬದಲಾಗದೆ. ಒಂದೇ ಫೋಟೋವನ್ನು ಮತ್ತೆ ಮತ್ತೆ ಫೋಟೋ ತೆಗೆದು ಹಾಕಿದ್ದರು.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ.

ಗ್ರಾಮಸಭೆಯಲ್ಲಿ ಎದ್ದು ನಿಂತು ಆ 40 ಹೆಸರನ್ನೂ ಗಟ್ಟಿಯಾಗಿ ಓದಿದೆ. ರಾಜಸ್ಥಾನದಲ್ಲಿ 1994ರಲ್ಲಿ ಹೀಗೆ ಮಸ್ಟರ್ ರೋಲ್ (ಹಾಜರಿ ಪಟ್ಟಿ) ಓದಿಯೇ ಜನರ ಮುಂದೆ ಲೆಕ್ಕ ಕೇಳುವ ಚಳವಳಿ ಶುರುವಾದದ್ದು ಅಂತ ತರಬೇತಿಯೊಂದರಲ್ಲಿ ಕೇಳಿದ್ದೆ, ಅದೇ ತಲೆಯಲ್ಲಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿರುವ ಹುಡುಗಿಯ ಹೆಸರು ಬಂತು, ಜನ ನಕ್ಕರು. ಕಾಲೇಜಿಗೆ ಹೋಗುವ ಹುಡುಗನ ಹೆಸರು ಬಂತು, ಮತ್ತೆ ನಕ್ಕರು. ಹನ್ನೊಂದನೆಯದು ಹಿಂದಿನ ಸಾಲಿನಲ್ಲೇ ಕೂತಿದ್ದ ಹೆಂಗಸಿನದು, ನನ್ನ ಅತ್ತೆಗೆ ವಾರಗಿತ್ತಿಯಾಗಬೇಕು. ಅವರಿಗೆ 3,792 ರೂಪಾಯಿ ಬಂದಿತ್ತು. "ಕೆರೇಲಿ ಯಾವತ್ತು ಮಣ್ಣು ಹೊತ್ತೆಯಮ್ಮಾ?" ಅಂತ ಯಾರೋ ಕೂಗಿದರು. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ಎದ್ದುಹೋದರು. ಕೆಲಸ "ಹಿಡಿದಿದ್ದ" ಗುತ್ತಿಗೆದಾರ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಅವನ ಹೆಸರು ಎನ್‌ಎಂಆರ್‌ನಲ್ಲಿ ಇರುವುದೇ ಇಲ್ಲವಲ್ಲ.

ಆಮೇಲೆ ಗೊತ್ತಾದದ್ದು: ಎದ್ದುಹೋದ ಆ ಹೆಂಗಸಿನ ಕೈಗೆ ಸಿಕ್ಕಿದ್ದು 300 ರೂಪಾಯಿ. ಮಿಕ್ಕಿದ್ದನ್ನು ಗುತ್ತಿಗೆದಾರನ ಕಡೆಯವರು ಬ್ಯಾಂಕಿನ ಬಾಗಿಲಲ್ಲೇ ಎಣಿಸಿಕೊಂಡಿದ್ದರು. ನರೇಗಾದಲ್ಲಿ ಗುತ್ತಿಗೆದಾರನಿಗೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಆದ್ದರಿಂದ ಅವನು ಯಾವ ಕಾಗದದಲ್ಲೂ ಕಾಣಿಸುತ್ತಿರಲಿಲ್ಲ, ಕಾಗದದಲ್ಲಿ ಸಿಕ್ಕಿಬೀಳುವವರು ಬಡವರೇ. ಎರಡು ತಿಂಗಳು ಆ ಮನೆಯವರು ನನ್ನ ಜೊತೆ ಮಾತು ಬಿಟ್ಟರು, ನ್ಯಾಯವಾಗಿಯೇ ಬಿಟ್ಟರು. ಅಂದಿನಿಂದ ಸಭೆಯಲ್ಲಿ ನಾನು ಕಾಮಗಾರಿಯ ಹೆಸರು, ಉದ್ದ, ಅಗಲ, ಆಳ, ಮೊತ್ತ ಇಷ್ಟನ್ನೇ ಓದುತ್ತಿದ್ದೆ. ಹೆಸರುಗಳ ಮಾತನ್ನು ಮನೆ ಜಗಲಿಯಲ್ಲಿ, ಅವರವರ ಹತ್ತಿರ, ಬೇರೆಯವರಿಲ್ಲದಾಗ ಆಡುತ್ತಿದ್ದೆ. ಹಾಗೆ ಕೂತು ಮಾತಾಡಿದ ಮೇಲೆ ಏಳು ಜನ ಹೇಳಿಕೆ ಬರೆದುಕೊಟ್ಟರು.

ಕೆಲಸ ಸಿಗದ 23 ಜನರದ್ದು ಇದಕ್ಕಿಂತ ಸಲೀಸಾಯಿತು. ಕೆಲಸ ಕೇಳುವ ನಮೂನೆ 6 ತುಂಬಿಕೊಟ್ಟರೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕಿತ್ತು. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕಿತ್ತು. ಅಸಲು ಆಟ ಇದ್ದದ್ದೇ ಸ್ವೀಕೃತಿಯಲ್ಲಿ. ಅರ್ಜಿ ಇಟ್ಟುಕೊಳ್ಳುತ್ತಿದ್ದರು, ಚೀಟಿ ಕೊಡುತ್ತಿರಲಿಲ್ಲ. ಚೀಟಿ ಇಲ್ಲದಿದ್ದರೆ ಹದಿನೈದು ದಿನ ಶುರುವಾಗುತ್ತಲೇ ಇರಲಿಲ್ಲ. ನಾವು 23 ಅರ್ಜಿಗೂ ಒಂದು ಹೊದಿಕೆ ಪತ್ರ ಮಾಡಿ, ಹೆಸರಿನ ಪಟ್ಟಿ ಹಚ್ಚಿ, ಆವಕ ವಹಿಯಲ್ಲಿ ನಂಬರು ಬೀಳುವವರೆಗೆ ಕಚೇರಿಯ ವರಾಂಡದಲ್ಲಿ ಕೂತೆವು. ಒಬ್ಬಿಬ್ಬರು ಬುತ್ತಿಯನ್ನೇ ಕಟ್ಟಿಕೊಂಡು ಬಂದಿದ್ದರು. ಮೂರೂವರೆಗೆ ಸೀಲು ಬಿತ್ತು. ಅದೇ ಪತ್ರದ ಇನ್ನೊಂದು ಪ್ರತಿ ಅವತ್ತೇ ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಹನ್ನೆರಡನೇ ದಿನ ಬದು ಹಾಕುವ ಕೆಲಸ ಕೊಟ್ಟರು. ಓಪನ್ ಇಲ್ಲದ ಸೈಟು ಹೇಗೆ ಓಪನ್ ಆಯಿತು ಅಂತ ನಾವೂ ಕೇಳಲಿಲ್ಲ.

ಕೆರೆಯ ಕಡತಕ್ಕೆ ಮಾತ್ರ ಆರ್‌ಟಿಐ ಹಾಕಬೇಕಾಯಿತು. ಸದಸ್ಯೆಯೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದಾ ಅಂತ ನಕ್ಕರು. ಬಾಯಲ್ಲಿ ಕೇಳಿದ್ದಕ್ಕೆ ಆರು ವಾರ "ಆಪರೇಟರ್ ರಜೆ" ಇತ್ತು, ಏನು ಮಾಡಲಿ? ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನನ್ನ ಮೊದಲ ಅರ್ಜಿಯಲ್ಲಿ ಐದು ಕಾಮಗಾರಿ ಸೇರಿಸಿದ್ದೆ, ವಾಪಸ್ ಬಂತು. ಎರಡನೆಯದರಲ್ಲಿ ಕೆರೆಯೊಂದನ್ನೇ ಕೇಳಿದೆ: ಅಂದಾಜು ಪಟ್ಟಿ, ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದ ಆ ಪುಟಗಳು, ಎನ್‌ಎಂಆರ್, ಪಾವತಿ ವೋಚರು. "ಎಲ್ಲ ದಾಖಲೆ ಕೊಡಿ" ಅಂದರೆ ಏನೂ ಕೊಡುವುದಿಲ್ಲ. ದಾಖಲೆಯ ಹೆಸರು ಗೊತ್ತಿರಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದು: ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಖುದ್ದು ಹೋಗಿ ಪರಿಶೀಲಿಸುವ ಹಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ.

ಕಾಗದ ಕೈಗೆ ಬರುವ ಹೊತ್ತಿಗೆ ಜಮಾಬಂದಿಯ ಕಾಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ಸಾಲಿನ ಲೆಕ್ಕವನ್ನು ಜನರ ಮುಂದೆ ಇಡುವ ಪದ್ಧತಿ ಇದು. ನಮ್ಮಲ್ಲಿ ಅದು ಹಾರ, ಟೀ, ಫೋಟೋ ಮುಗಿಸಿ ಏಳುವ ಕಾರ್ಯಕ್ರಮವಾಗಿತ್ತು. ಕೆರೆಯದು ಚಾಲ್ತಿ ಸಾಲಿನ ಲೆಕ್ಕ, ಇಲ್ಲಿಗೆ ಬರುವುದಿಲ್ಲ ಅಂತ ಅಧ್ಯಕ್ಷರ ಯಜಮಾನರು ತಕರಾರು ತೆಗೆದರು. (ಅಧ್ಯಕ್ಷರು ಪಕ್ಕದಲ್ಲೇ ಸುಮ್ಮನೆ ಕೂತಿದ್ದರು.) ಮಾತು ಸರಿಯೇ, ಒಪ್ಪಿದೆ. ಆದರೆ ಅಧಿಕಾರಿಗಳು ಬಂದಿದ್ದಾರೆ, ಕೆರೆ ಅರ್ಧ ಕಿಲೋಮೀಟರು, ನೋಡಿಕೊಂಡು ಬರೋಣ ಅಂದೆ. ಬಂದಿದ್ದವರು ಒಳ್ಳೆಯ ಮನುಷ್ಯ, ಎದ್ದರು.

ಟೇಪು ಹಿಡಿದು ಅಳೆದೆವು. ಉದ್ದ ಸರಿ. ಅಗಲ ಸರಿ. ಆಳವೂ ಎಂಬಿಯಲ್ಲಿ ಬರೆದಷ್ಟೇ. ನನ್ನ ಮುಖ ಸಣ್ಣದಾಯಿತು. ಯಜಮಾನರು ಗೆದ್ದ ದನಿಯಲ್ಲಿ, "ಕೆಲಸ ಆಗಿದೆಯಲ್ಲಮ್ಮಾ, ಇನ್ನೇನು ಬೇಕು ನಿಂಗೆ?" ಅಂದರು. ಜೊತೆಗೆ ಬಂದ ಊರವರಲ್ಲೂ ಅರ್ಧ ಜನ ತಲೆಯಾಡಿಸಿದರು. ಆಗ ಬದು ಕೆಲಸಕ್ಕೆ ಹೋಗಿದ್ದ ಹೆಂಗಸೊಬ್ಬಳು ಗುಂಡಿಯ ಅಂಚಿಗೆ ಇಳಿದು ಕೈಯಿಟ್ಟು ತೋರಿಸಿದಳು. ಒಣಗಿದ ಮಣ್ಣಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಮಾನ ದೂರದ ಗೆರೆಗಳು. "ಸಾರ್, ಗುದ್ದಲಿ ಹೀಗೆ ಕಚ್ಚಲ್ಲ."

ಜೆಸಿಬಿಯ ಹಲ್ಲು. ಅಳತೆ ಸರಿ ಬಂದದ್ದು ಅದಕ್ಕೇ. ಕಳವಾಗಿದ್ದು ಮಣ್ಣಲ್ಲ, ಕೂಲಿಯವರ 480 ದಿನ. ಆ 23 ಜನಕ್ಕೆ ಹಂಚಿದ್ದರೆ ತಲಾ 20 ದಿನದ ಕೂಲಿ, ಅದೂ ಬೇರೆ ಕೆಲಸವೇ ಇಲ್ಲದ ಬೇಸಿಗೆಯಲ್ಲಿ. ಊರವರಿಗೆ ಇದನ್ನು ಬಿಡಿಸಿ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೆರೆ ಆಗಿದೆ, ನೀರು ನಿಲ್ಲುತ್ತದೆ, ಇವಳದ್ಯಾಕೋ ಕ್ಯಾತೆ ಅನ್ನುವ ಮಾತು ಇವತ್ತಿಗೂ ಕೇಳುತ್ತದೆ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಖಳನಾಯಕ ಮಾಡಿ ಹೇಳುವುದು ನನಗೆ ಸುಲಭ, ಆದರೆ ಸುಳ್ಳಾಗುತ್ತದೆ. ಒಂದು ಸಂಜೆ ಅವರೇ ಕೂತು ಹೇಳಿದರು. ನರೇಗಾದಲ್ಲಿ ನೂರಕ್ಕೆ ಕೂಲಿ 60, ಸಾಮಗ್ರಿ 40ರ ಲೆಕ್ಕ. ಸಾಮಗ್ರಿಯ ದುಡ್ಡು ತಿಂಗಳುಗಟ್ಟಲೆ ಬರುವುದಿಲ್ಲ. ಸಿಮೆಂಟು, ಜಲ್ಲಿಯನ್ನು ಅಷ್ಟು ದಿನ ಸಾಲ ಕೊಡುವ ತಾಕತ್ತು ಇರುವವನು ತಾಲ್ಲೂಕಿಗೆ ನಾಲ್ಕೈದು ಜನ. ಅವನಿಲ್ಲದೆ ಚರಂಡಿಯೂ ಇಲ್ಲ, ಸಿಸಿ ರಸ್ತೆಯೂ ಇಲ್ಲ. ಅವನಿಗೆ ಕಾಂಕ್ರೀಟಿನ ಕೆಲಸ ಬೇಕು. ಕಾಂಕ್ರೀಟಿನ 40ಕ್ಕೆ ಸರಿದೂಗಿಸಲು ಎಲ್ಲಾದರೂ ಕೂಲಿಯ 60 ತೋರಿಸಬೇಕು. ಆ 60 ಕೆರೆಯಲ್ಲಿ ಹುಟ್ಟುತ್ತದೆ. ಇದು ಕೇಳಿದ ಮೇಲೆ ನಾನು ಕ್ರಿಯಾಯೋಜನೆಯ ಸಭೆಯನ್ನು ಒಂದೂ ತಪ್ಪಿಸಲಿಲ್ಲ. ಖರ್ಚಾದ ಮೇಲೆ ಕೂಗಾಡುವುದಕ್ಕಿಂತ, ಪಟ್ಟಿ ಬರೆಯುವ ದಿನ ಕಾಂಕ್ರೀಟಿನ ನಾಲ್ಕು ಕೆಲಸ ಕಡಿಮೆ ಮಾಡಿಸಿ ಬದು, ಕೃಷಿಹೊಂಡ, ಇಂಗುಗುಂಡಿ ಹಾಕಿಸಿದರೆ ಹೆಚ್ಚು ದಕ್ಕುತ್ತದೆ. ಅವುಗಳಲ್ಲಿ ಸಾಮಗ್ರಿ ಬಹಳ ಕಡಿಮೆ, ಸಾಲ ಕೊಡುವವನಿಗೆ ಅಲ್ಲೇನೂ ಕೆಲಸವಿಲ್ಲ.

ಏಳು ಹೇಳಿಕೆ, ಹಾಜರಿಯ ಫೋಟೋಗಳು, ಗೋಡೆಯ ಗೆರೆಯ ಚಿತ್ರ, ಎಂಬಿ ಪ್ರತಿ ಸೇರಿಸಿ ದೂರು ವಿಚಾರಿಸುವ ಜಿಲ್ಲೆಯ ನರೇಗಾ ಓಂಬುಡ್ಸ್‌ಮನ್‌ಗೆ ಬರೆದುಕೊಟ್ಟೆ. ಬರೆದುಕೊಟ್ಟ ಏಳು ಜನರ ಮೇಲೆ ವಸೂಲಿ ಬೀಳದಂತೆ ಮೊದಲ ಸಾಲಲ್ಲೇ ಕೇಳಿಕೊಂಡಿದ್ದೆ. ವಿಚಾರಣೆಗೆ ಮೂರು ಸಲ ಹೋದೆ. ಎರಡು ಸಲ ಎದುರಿನವರು ಬರಲಿಲ್ಲ. ಕೊನೆಗೆ ಪೂರ್ತಿ 1,51,680 ವಸೂಲಿಗೆ ಆದೇಶವಾಯಿತು. ಖಜಾನೆಗೆ ಬಂದದ್ದು 42 ಸಾವಿರ. ಹಾಜರಿ ಹಾಕಿದ್ದ ಕಾಯಕ ಬಂಧುವನ್ನು (ಕೂಲಿಯವರ ಗುಂಪಿನ ಮೇಲ್ವಿಚಾರಕನನ್ನು) ತೆಗೆದರು, ಅವನು ಹೇಳಿದ್ದನ್ನು ಮಾಡಿದ ಹುಡುಗ ಅಷ್ಟೆ. ಎಲೆ ಅಡಿಕೆಯವನು ಈಗಲೂ ಮುಂದಿನ ಸಾಲಿನಲ್ಲೇ ಕೂರುತ್ತಾನೆ.

ಉಳಿದ 1,09,680ಕ್ಕೆ ಎರಡು ತಿಂಗಳಿಗೊಮ್ಮೆ ಜಿಲ್ಲಾ ಪಂಚಾಯಿತಿಗೆ ನೆನಪೋಲೆ ಬರೆಯುತ್ತೇನೆ. ಅಂಚೆ ಕಚೇರಿಗೆ ಹೋಗುವಾಗ ಒಂದೊಂದು ಸಲ ನಮ್ಮತ್ತೆಯ ಆ ವಾರಗಿತ್ತಿಯೂ ಜೊತೆಗೆ ಬರುತ್ತಾರೆ, ಅವರಿಗೆ ಅಲ್ಲಿ ಪಿಂಚಣಿಯ ಕೆಲಸ ಇರುತ್ತದೆ. ಮೊನ್ನೆ ದಾರಿಯಲ್ಲಿ, "ಅವತ್ತು ನನ್ನ ಹೆಸರನ್ನ ಅಷ್ಟು ಜೋರಾಗಿ ಓದಬಾರದಾಗಿತ್ತು ಕಣೇ" ಅಂದರು. ಹೌದು ಚಿಕ್ಕತ್ತೆ, ಓದಬಾರದಾಗಿತ್ತು ಅಂದೆ.