ಹೊಸ ಎಸ್‌ಎಸ್‌ಡಿ ಇನ್‌ಸ್ಟಾಲರ್‌ಗೆ ಕಾಣದಿದ್ದಾಗ

ಹೊಸ ಲ್ಯಾಪ್‌ಟಾಪಿನ 256 ಜಿಬಿ ಎಸ್‌ಎಸ್‌ಡಿಯನ್ನು (ಮಾಹಿತಿ ಸಂಗ್ರಹಿಸುವ ಡ್ರೈವ್) ತೆಗೆದು 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಯನ್ನು ನಾನೇ ಅಳವಡಿಸಿದೆ. ಲ್ಯಾಪ್‌ಟಾಪ್ ಶುರುವಾಗುವಾಗಲೇ ಓಡುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಅದು ಸರಿಯಾಗಿ ಕಾಣಿಸುತ್ತಿತ್ತಾದರೂ, ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಲು ಹೊರಟಾಗ ಇನ್‌ಸ್ಟಾಲರ್ ಡ್ರೈವ್‌ಗಳೇ ಇಲ್ಲವೆಂದಿತು. ಬಯೋಸ್ ಗುರುತಿಸಿದ್ದರಿಂದ ಎಸ್‌ಎಸ್‌ಡಿ ಕೆಟ್ಟಿದೆಯೆಂದು ಹಿಂದಿರುಗಿಸಲು ಕಾರಣವಿರಲಿಲ್ಲ.

ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ವಿಎಂಡಿ ಎಂಬ ನಿಯಂತ್ರಕದ ಮೂಲಕ ಸಂಪರ್ಕಗೊಳ್ಳುವುದರಿಂದ, ಅದರ ಡ್ರೈವರ್ (ಆ ನಿಯಂತ್ರಕವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ) ಇಲ್ಲದ ಇನ್‌ಸ್ಟಾಲರ್‌ಗೆ ಒಳಗಿನ ಡ್ರೈವ್ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ವಿಎಂಡಿಗೆ ಬೇಕಾದ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿಕೊಂಡು, ಬಿಡಿಸಿದ ಫೈಲುಗಳನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಆಯ್ಕೆಯಲ್ಲಿ ಆ ಫೋಲ್ಡರನ್ನು ತೋರಿಸಿದೊಡನೆ ಡ್ರೈವ್ ಪ್ರತ್ಯಕ್ಷವಾಯಿತು. ಬಯೋಸ್‌ನಲ್ಲಿ ವಿಎಂಡಿಯನ್ನೇ ನಿಷ್ಕ್ರಿಯಗೊಳಿಸಿದರೂ ಕೆಲಸವಾಗುತ್ತದೆ. ಆದರೆ ಆ ಆಯ್ಕೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಸಿಗದು, ಇನ್‌ಸ್ಟಾಲ್ ಆದ ಮೇಲೆ ಅದನ್ನು ಬದಲಿಸಿದರೆ ವಿಂಡೋಸ್ ತೆರೆದುಕೊಳ್ಳದಿರಲೂಬಹುದು. ಹಾಗಾಗಿ ನನಗೆ ಡ್ರೈವರ್ ದಾರಿಯೇ ಲೇಸೆನಿಸಿತು.